ಹದಿನಾಲ್ಕರೊಳಗೆ

ಮೊದಲು ಕಾಲೇಜು ಕಾಲೇಜು ಆಡಬೇಕು.
ಆಮೇಲೆ ಗೆದ್ದವರು ಸೋತವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ
ಹನ್ನೆರಡು ಮಂದಿಯನ್ನು ಹೆಕ್ಕುತ್ತಾರೆ,
ಅಕ್ಕಿಯಿಂದ ಕಲ್ಲನ್ನೋ ಕಲ್ಲಿಂದ ಅಕ್ಕಿಯನ್ನೋ
ಆವತ್ತು ಗೊತ್ತಾಗುವುದಿಲ್ಲ.
ಆಮೇಲೆ ದಕ್ಷಿಣ ವಲಯ. ಅಲ್ಲಿಂದ ನಾಲ್ಕೇ ತಂಡ
ಅಖಿಲ ಭಾರತದ ರೈಲು ಹತ್ತುತ್ತವೆ.
'ಒಂದೊಂದು ಗೇಟಿಗೂ ಒಂದೊಂದು ಸುಂಕ'
ಎಂದು ನಮ್ಮ ಸುಂಕಮ್ಮ
ತನ್ನ ಹೆಸರನ್ನೇ ಎಳೆದು ನಗುತ್ತಿದ್ದಳು.

ನಾನು ಹನ್ನೆರಡನೆಯವಳು.
ಜೆರ್ಸಿ ನಂಬರು ಹದಿನೈದು. ಆಡಿದ್ದು ಒಟ್ಟು ಆರು ನಿಮಿಷ.
ಉಳಿದ ಹೊತ್ತೆಲ್ಲ ಬೆಂಚು, ನೀರಿನ ಬಾಟಲಿ, ಒಂದು ನೋಟುಬುಕ್ಕು.
ನಮ್ಮವ್ವ ಕೌಲ್ ಬಜಾರಿನಲ್ಲಿ ಜೀನ್ಸಿಗೆ ಜಿಪ್ಪು ಹೊಲಿಯುತ್ತಾಳೆ,
ಪೀಸಿಗಿಷ್ಟು ಎಂದು.
ಶನಿವಾರ ಸಂಜೆ ಅವಳ ನೀಲಿ ಬೆರಳು
ಗೆಣ್ಣು ಗೆಣ್ಣು ಎಣಿಸುವುದನ್ನು ನೋಡಿ ಬೆಳೆದೆ.
ಕೂಡುವುದಕ್ಕಿಂತ ಕಳೆಯುವುದು
ನನಗೆ ಚೆನ್ನಾಗಿ ಬರುತ್ತದೆ.

ಈ ಸಲ ವಲಯ ಪಂದ್ಯ ನಮ್ಮ ಬಳ್ಳಾರಿಯಲ್ಲೇ,
ಗುಡ್ಡದ ನೆರಳು ನಾಲ್ಕು ಗಂಟೆಗೆ ಮುಟ್ಟುವ ಸಿಮೆಂಟಿನ ಕೋರ್ಟು.
ಬೆಳಿಗ್ಗೆ ನಾವೇ ಗುಡಿಸುತ್ತಿದ್ದೆವು.
ಅದಿರಿನ ದೂಳು ರಾತ್ರೋರಾತ್ರಿ ಬಂದು ಕೂತಿರುತ್ತಿತ್ತು,
ಬಾಡಿಗೆ ಕೇಳಲು ಬಂದವನ ಹಾಗೆ.
ಎದುರಾಳಿಯ ಬಿಳಿ ಬೆನ್ನಿನ ಮೇಲೆ
ಮೆಹರುನ್ನೀಸಾಳ ಐದೂ ಬೆರಳು, ಕೆಂಪಗೆ.
ಫೌಲಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಕಡಲ ಕಡೆಯವರನ್ನು ನಾವು ಒಂಬತ್ತರಿಂದ ಸೋಲಿಸಿದೆವು.
ಅವರು ತಮಿಳು ಹುಡುಗಿಯರನ್ನು ಮೂರರಿಂದ.
ನಾಲ್ಕನೆಯ ತಂಡ ಮೂವರಿಗೂ ಸೋತು
ಗ್ಯಾಲರಿಯಲ್ಲಿ ಒಗ್ಗರಣೆ ಮಿರ್ಚಿ ತಿನ್ನುತ್ತ
ನಿಶ್ಚಿಂತವಾಗಿತ್ತು.
ಉಳಿದದ್ದು ಒಂದೇ ಆಟ, ನಮಗೂ ತಮಿಳರಿಗೂ.
ಗುಂಪಿನಿಂದ ಇಬ್ಬರು ಮೇಲಕ್ಕೆ.

ಮೂರನೆಯ ಕ್ವಾರ್ಟರು ಮುಗಿದಾಗ ಹದಿನೇಳು ಹಿಂದೆ.
ಗಾದಿಲಿಂಗಪ್ಪ ಸರ್ ಸೀಟಿಯ ದಾರ ಕಚ್ಚುತ್ತಿದ್ದರು.
ನೋಟುಬುಕ್ಕು ಹಿಡಿದೆ:
'ಸರ್, ಗೆಲ್ಲೋದು ಬ್ಯಾಡ್ರಿ.
ಹದಿನಾಲ್ಕರೊಳಗ ಸೋತ್ರ ಸಾಕು.'
ಗುಡಿಯೊಳಗೆ ಚಪ್ಪಲಿ ಮೆಟ್ಟಿ ಬಂದವಳನ್ನು ನೋಡುವಂತೆ ನೋಡಿದರು.
'ಹದಿನೈದಾದ್ರ?'
'ಅದು ಬ್ಯಾರೆ ಲೆಕ್ಕ ಸರ್. ನನಗ ಬರಂಗಿಲ್ಲ.'

ಮೂವತ್ತು ವರ್ಷ ಗೆಲ್ಲಿರಿ ಗೆಲ್ಲಿರಿ ಎಂದ ಬಾಯಿ
ಒಂದು ಗುಟುಕು ನೀರು ಕುಡಿದು
ಸೋಲನ್ನು ಹೇಗೆ ಆಡಬೇಕೆಂದು
ಹುಡುಗಿಯರಿಗೆ ವಿವರಿಸತೊಡಗಿತು.

ಕೊನೆಗೆ ಇಪ್ಪತ್ತೆರಡು ಸೆಕೆಂಡು.
ಎಪ್ಪತ್ತೊಂದು, ಐವತ್ತೇಳು.
ಚೆಂಡು ಹುಲಿಗೆಮ್ಮನ ಕೈಯಲ್ಲಿ.
ಜನ್ಮದಲ್ಲಿ ಚೆಂಡು ಇಟ್ಟುಕೊಂಡವಳಲ್ಲ ಅವಳು,
ಸಿಕ್ಕರೆ ಎಸೆದೇ ಗೊತ್ತು.
ಮುಂದೆ ಬುಟ್ಟಿ ಬರಿದು, ಬಾಯಿ ತೆರೆದುಕೊಂಡು.
ಇಡೀ ಊರು 'ಹಾಕು, ಹಾಕು' ಅನ್ನುತ್ತಿತ್ತು.
ಅವಳು ನಿಂತಳು. ಕುಟ್ಟಿದಳು.
ಕುಟ್ಟಿದಳು. ಮತ್ತೆ ಕುಟ್ಟಿದಳು,
ಒನಕೆ ಹಿಡಿದವಳು ಒರಳನ್ನಷ್ಟೇ ನೋಡುವ ಹಾಗೆ.
ಸೀಟಿ.

ತಮಿಳರು ಹಾರಿದರು, ಗೆದ್ದಿದ್ದರಲ್ಲ.
ನಾವು ಹಾರಬೇಕೋ ಬೇಡವೋ ತಿಳಿಯದೆ
ಒಬ್ಬರ ಮುಖ ಒಬ್ಬರು ನೋಡಿದೆವು.
ಸುಂಕಮ್ಮ ಒಬ್ಬಳೇ ಅಳುತ್ತಿದ್ದಳು,
ಯಾಕೆಂದು ಕೇಳಿದರೆ 'ಏನೋ ಕಣ್ಣಾಗ ಬಿತ್ತು' ಅಂದಳು.

ಗ್ಯಾಲರಿಯಿಂದ ಕಡಲ ಕಡೆಯ ಹುಡುಗಿಯೊಬ್ಬಳು ಇಳಿದು ಬಂದಳು.
ಇದೇ ಗೆದ್ದವರನ್ನು ಮೊನ್ನೆ ಸೋಲಿಸಿದವಳು.
'ಒಮ್ಮೆ ಲೆಕ್ಕ ತೋರಿಸ್ತೀರಾ?'
ಕೊಟ್ಟೆ.
ನಮ್ಮದು ಮೈನಸ್ ಐದು. ಅವರದು ಮೈನಸ್ ಆರು.
ಇಬ್ಬರೂ ಸೊನ್ನೆಯ ಕೆಳಗೇ,
ಒಂದು ಮೆಟ್ಟಿಲ ಅಂತರದಲ್ಲಿ.

ಬೆರಳಿಟ್ಟು ಓದಿದಳು, ಮೇಲಿನಿಂದ ಒಂದು ಸಲ,
ಕೆಳಗಿನಿಂದ ಒಂದು ಸಲ.
ಎಲ್ಲಾದರೂ ತಪ್ಪಿರಲಿ ಎಂದು ಒಂದು ಗಳಿಗೆ
ನಾನೂ ಅವಳ ಜೊತೆ ಹುಡುಕಿದೆ.

'ಸರಿ ಇದೆ' ಎಂದು ಪುಸ್ತಕ ಮಡಚಿ ಕೊಟ್ಟಳು.
ಮನೆಗೆ ಬಂದು ತೆರೆದರೆ
ಆರರ ಕೆಳಗೆ ಉದ್ದಕ್ಕೆ ಎಳೆದ ಗೆರೆ,
ನಮ್ಮೂರಿನ ಕೆಂಪು.